ಡೋಲು ಹೋದ್ರೆ ತೊಡೆ ಇದೆಯಲ್ಲ!

ವೆಂಕಿ: ಜಾಝ್ ಡ್ಯಾನ್ಸ್ ಅಂದ್ರೆ ಏನ್ ಮಹಾ ಶೈಲಕ್ಕ? ಹತ್ತೂ ಬೆರಳು ಅಗಲಿಸಿ ಅಂಗೈ ನಡುಗಿಸೋದು. ಚಳಿಜ್ವರ ಬಂದೋರೂ ಅದನ್ನೇ ಮಾಡ್ತಾರೆ.

ಶೈಲಾ: ಅದು ಕೊನೇಲಿ ಬಿದ್ದ ಒಗ್ಗರಣೆ ಕಣೋ. ಬೇರು ಇರೋದು ಅಮೆರಿಕದ ಕರಿಯ ಗುಲಾಮರ ಕುಣಿತದಲ್ಲಿ. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೋ ಹೊಳೆ ಹತ್ರ ಗುಲಾಮರು ಡೋಲು ಬಾರಿಸ್ಕೊಂಡು ದಂಗೆ ಎದ್ರು. ಮರುವರ್ಷವೇ ಕಾಯಿದೆ ಬಂತು. ಗುಲಾಮರ ಕೈಲಿ ಡೋಲು ಇರಕೂಡದು, ಕೊಂಬೂ ಇರಕೂಡದು.

ರಂಗಣ್ಣ: ಡೋಲು ಹೋದ್ರೆ ತೊಡೆ ಇದೆಯಲ್ಲ! ತೊಡೆ, ಎದೆ, ಅಂಗೈ, ಹಿಮ್ಮಡಿ ಎಲ್ಲಾ ಬಡಿದು ಜೂಬಾ ಕುಣಿದ್ರು. ಜಪ್ತಿ ಮಾಡೋಕೆ ಬಂದ ಅಮಲ್ದಾರ ತೊಡೇನ ಎಲ್ಲಿಗೆ ಹೊತ್ಕೊಂಡು ಹೋಗ್ತಾನೆ?

ಶೈಲಾ: ನ್ಯೂ ಆರ್ಲಿಯನ್ಸ್ ಮಾತ್ರ ಬೇರೆ. 1817ರಲ್ಲಿ ಅಲ್ಲಿನ ನಗರಾಡಳಿತ ‘ಭಾನುವಾರ ಒಂದೇ ಜಾಗದಲ್ಲಿ ಕುಣೀರಿ’ ಅಂತು. ಅದೇ ಕಾಂಗೋ ಸ್ಕ್ವೇರ್. ಅಲ್ಲಿ ಡೋಲೂ ಉಳೀತು.

ರಂಗಣ್ಣ: ಕೇಕ್‌ವಾಕ್ ಕಥೆ ಹೇಳು, ಅದು ಮಜಾ.

ಶೈಲಾ: ದಣಿಗಳು ಎದೆ ಸೆಟೆಸಿ ಜೋಡಿ ಜೋಡಿಯಾಗಿ ಗತ್ತು ಮಾಡೋದನ್ನ ಗುಲಾಮರು ಅಣಕಿಸಿದ್ರು, ಬೆನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿಸಿ, ಮಂಡಿ ಎತ್ತೆತ್ತಿ. ದಣಿಗಳಿಗೆ ಅರ್ಥವಾಗ್ಲಿಲ್ಲ, ಗೆದ್ದ ಜೋಡಿಗೆ ಕೇಕ್ ಕೊಟ್ರು. ಮುಂದೆ ಬಿಳಿಯರು ಮುಖಕ್ಕೆ ಮಸಿ ಬಳ್ಕೊಂಡು ಆ ಅಣಕವನ್ನೇ ರಂಗದ ಮೇಲೆ ತಂದ್ರು. 1890ರ ದಶಕದಲ್ಲಿ ದೊಡ್ಡ ಮನೆತನದೋರು ಅದನ್ನ ಕಲಿಯೋಕೆ ಹೊರಟ್ರು.

ವೆಂಕಿ: ತಮ್ಮ ಅಣಕಕ್ಕೆ ತಾವೇ ಟ್ಯೂಷನ್!

ರಂಗಣ್ಣ: 1923ರಲ್ಲಿ ನ್ಯೂಯಾರ್ಕಿನ ನಾಟಕದ ಬೀದಿ ಬ್ರಾಡ್‌ವೇನಲ್ಲಿ ‘ರನ್ನಿನ್ ವೈಲ್ಡ್’ ಆಟ ಬಂದ್ಮೇಲೆ ಎಲ್ರಿಗೂ ಚಾರ್ಲ್‌ಸ್ಟನ್ ಅನ್ನೋ ಕುಣಿತದ ಹುಚ್ಚು. ಏಳೋ, ತೋರಿಸ್ತೀನಿ. ಎಂಟು ಎಣಿಕೆ. ಒಂದಕ್ಕೆ ಎಡಗಾಲು ಮುಂದೆ, ಮೂರಕ್ಕೆ ಬಲಗಾಲು ಮುಂದಕ್ಕೆ ಒದಿ, ಐದಕ್ಕೆ ಅದನ್ನೇ ಹಿಂದಿಡು, ಏಳಕ್ಕೆ ಎಡಗಾಲ ತುದಿ ಹಿಂದೆ ಮುಟ್ಟಿಸು. ನಡುವಿನ ಎಣಿಕೆಗಳಲ್ಲಿ ಹಿಮ್ಮಡಿ ಹೊರಕ್ಕೆ, ಹೆಜ್ಜೆ ಇಟ್ಟಾಗ ಒಳಕ್ಕೆ.

ವೆಂಕಿ: ಹಿಮ್ಮಡಿ ತಿರುಗ್ತಾನೇ ಇಲ್ಲ! ನೆಲಕ್ಕೆ ಮೇಣ ಹಚ್ಚಿದ್ಯಾ?

ಶೈಲಾ: ಭಾರ ಪೂರ್ತಿ ಹಿಮ್ಮಡಿ ಮೇಲೆ ಹಾಕಿದೀಯ, ತಿರುಗೋದೆಲ್ಲಿಂದ? ಮುಂಗಾಲಿಗೆ ಬಾ, ಮಂಡಿ ಸಡಿಲ ಬಿಡು. ಧ್ವಜವಂದನೆಗೆ ನಿಂತಂಗೆ ನಿಂತ್ರೆ ಯಾವ ಜಾಝೂ ಬರಲ್ಲ.

ವೆಂಕಿ: ತಾಳ ಸರಿಯಾಗಿದೆ ತಾನೆ? ಒಂದು, ಮೂರಕ್ಕೆ ಚಪ್ಪಾಳೆ ಹೊಡೀತಿದೀನಿ.

ರಂಗಣ್ಣ: ಭಜನೆ ಚಾಳಿ! ಇಲ್ಲಿ ಒತ್ತು ಎರಡು, ನಾಲ್ಕರ ಮೇಲೆ. ಸ್ವಿಂಗ್, ಅಂದ್ರೆ ಜಾಝ್‌ನ ತೂಗಾಡೋ ಲಯ, ಬೇಕಂದ್ರೆ ‘ತಕಿಟ’ ಹೇಳು. ಮೊದಲೆರಡು ಅಕ್ಷರ ಅಂಟಿಸು: ‘ತಾ–ಟ, ತಾ–ಟ’. ಉದ್ದ, ಗಿಡ್ಡ. ಲಿಂಡಿ ಹಾಪ್ ಅನ್ನೋ ಜೋಡಿ ಕುಣಿತದಲ್ಲಿ ಮೂರರಿಂದ ನಾಲ್ಕು, ಏಳರಿಂದ ಎಂಟು, ಅಷ್ಟರೊಳಗೆ ಮೂರು ಮೂರು ಹೆಜ್ಜೆ ತುರುಕಬೇಕು. ಸಮಸಮ ಹಂಚಿದ್ರೆ ಪೊಲೀಸ್ ಕವಾಯತು.

ಶೈಲಾ: ಲಿಂಡಿ ಹಾಪ್‌ನ ತವರು ಹಾರ್ಲೆಮ್, ನ್ಯೂಯಾರ್ಕಿನ ಕರಿಯರ ಬಡಾವಣೆ. ಅಲ್ಲಿ 1926ರಲ್ಲಿ ತೆರೆದ ಸವಾಯ್ ಬಾಲ್‌ರೂಮಲ್ಲಿ ಎರಡು ವೇದಿಕೆ, ಒಂದು ಬ್ಯಾಂಡ್ ನಿಂತ್ರೆ ಇನ್ನೊಂದು ಶುರು. ಕರಿಯರೂ ಬಿಳಿಯರೂ ಒಂದೇ ನೆಲದ ಮೇಲೆ. 1935ರಲ್ಲಿ ಅಲ್ಲಿನ ಕುಣಿತಗಾರ ಫ್ರಾಂಕಿ ಮ್ಯಾನಿಂಗ್ ಜೊತೆಗಾತಿಯನ್ನ ಬೆನ್ನ ಮೇಲಿಂದ ಉರುಳಿಸಿ ಆ ಕಡೆ ಇಳಿಸ್ದ.

ವೆಂಕಿ: ಆಮೇಲೆ ಯಾಕೆ ಸಪ್ಪೆಯಾಯ್ತು?

ರಂಗಣ್ಣ: ತೆರಿಗೆ ಕಣಯ್ಯಾ! 1944ರಲ್ಲಿ ಕುಣಿತ ಇರೋ ಕ್ಲಬ್ಬುಗಳ ಬಿಲ್ಲಿಗೆ 30%, ಆಮೇಲೆ 20%. ಕುಣಿದ್ರೆ ತೆರಿಗೆ, ಸುಮ್ನೆ ಕೂತು ಕೇಳಿದ್ರೆ ಇಲ್ಲ. ಜನ ಕೂತ್ರು. ಅದೊಂದೇ ಕಾರಣ ಅಲ್ಲ ಅನ್ನು. ಬೀಬಾಪ್ ಅನ್ನೋ ಹೊಸ ಜಾಝ್ ಸಂಗೀತದ ವೇಗಕ್ಕೆ ಕಾಲೂ ಸೋತ್ವು. ಜಾಝ್ ಕುಣಿತ ರಂಗಮಂಚ, ಸಿನಿಮಾ ಸೇರ್ತು.

ಶೈಲಾ: ಅಲ್ಲಿ ಜ್ಯಾಕ್ ಕೋಲ್ ಅನ್ನೋ ನೃತ್ಯ ಸಂಯೋಜಕ ಇದ್ದ. ಲಾ ಮೆರಿ ಅನ್ನೋ ಅಮೆರಿಕನ್ ನರ್ತಕಿ ಹತ್ರ ಭರತನಾಟ್ಯ ಕಲಿತು, ಅದನ್ನ ಸ್ವಿಂಗ್ ಸಂಗೀತಕ್ಕೆ ಕೂರಿಸಿ ನೈಟ್‌ಕ್ಲಬ್ಬಲ್ಲಿ ಕುಣಿದ ಭೂಪ. 1953ರಲ್ಲಿ ಮರಿಲಿನ್ ಮನ್ರೋ ಗುಲಾಬಿ ಗೌನಲ್ಲಿ ವಜ್ರದ ಹಾಡಿಗೆ ಕುಣಿದದ್ದೂ ಇವನು ಹೇಳ್ಕೊಟ್ಟಿದ್ದು.

ವೆಂಕಿ: ಅರಮಂಡಿ ಹಾಲಿವುಡ್‌ಗೆ ಹೋಗಿತ್ತಾ!

ಶೈಲಾ: ಮಂಡಿ ಬಾಗಿದ್ರೆ ತಾನೇ ಸೊಂಟದ ಮೇಲಿನ ಮೈ ಬಿಡಿಬಿಡಿಯಾಗಿ ಆಡೋದು? ತಗೋ, ಈ ಕಾಫಿ ಲೋಟ ಎದೆ ಮಟ್ಟಕ್ಕೆ ಹಿಡಿ. ಸೊಂಟ ಅಲ್ಲೇ ಇರ್ಲಿ, ಎದೆಗೂಡು ಮಾತ್ರ ಎರಡು ಬೆರಳಷ್ಟು ಬಲಕ್ಕೆ ಜಾರಿಸು, ವಾಪಸ್ ನಡುವಿಗೆ, ಆಮೇಲೆ ಎಡಕ್ಕೆ. ಹೆಗಲು ವಾಲಿದ್ರೆ ಲೋಟಾನೇ ಹೇಳುತ್ತೆ.

ವೆಂಕಿ: ಏನೂ ಚೆಲ್ಲಲಿಲ್ಲ ನೋಡು!

ರಂಗಣ್ಣ: ಲೋಟ ಖಾಲಿ ಕಣೋ. ಆಗಲೇ ಕುಡಿದಿದ್ದೀಯ.