ಸಹಾಯ ಬೇಕು: ಸಮುದಾಯ ಅನುದಾನದ ಅರ್ಜಿಯಲ್ಲಿ ‘ನಮ್ಮ ಪಾಲು’ ತೋರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. 3ರಿಂದ 6 ವರ್ಷದ ಮಕ್ಕಳು, ಜೊತೆಗೆ ಅವರ ಪೋಷಕರು: 20 ಕುಟುಂಬಗಳಿಗೆ 24 ವಾರದ ಓದು-ಆಟದ ಕಾರ್ಯಕ್ರಮಕ್ಕೆ ಅನುದಾನದ ಅರ್ಜಿ ಸಿದ್ಧವಾಗುತ್ತಿದೆ. ಎರಡು ಕಡೆ ಸಲಹೆ ಬೇಕು.

ಒಟ್ಟು ವೆಚ್ಚದ 25% ನಮ್ಮ ಪಾಲಾಗಿರಬೇಕು, ಹಣದ ಬದಲು ಸೇವೆ ರೂಪದಲ್ಲಾದರೂ ಸರಿ ಎಂದು ಅನುದಾನದ ನಿಯಮದಲ್ಲಿದೆ. ಸ್ವಯಂಸೇವಕರು 4 ಜನ, ವಾರಕ್ಕೆ ತಲಾ ಎರಡೂವರೆ ಗಂಟೆ, ಅಂದರೆ 240 ಗಂಟೆ. ದರವನ್ನು ಮಾಡುವ ಕೆಲಸಕ್ಕೆ ತಕ್ಕಂತೆ ಹಾಕಿದ್ದೇವೆ. ವೈದ್ಯರೇ ಬಂದು ಕುರ್ಚಿ ಜೋಡಿಸಿದರೂ ಅದು ವೈದ್ಯರ ದರವಲ್ಲ. ಸಹಿ ಮಾಡಿದ ಸಮಯಪಟ್ಟಿ, ಕಾರ್ಯಕ್ರಮಕ್ಕೆ ಸಭಾಂಗಣ ಕೊಡುವವರ ಪತ್ರ ಎರಡೂ ಇವೆ. ತೊಡಕು ಸಂಯೋಜಕರದು. ಅವರ ಅರ್ಧ ಸಂಬಳ ಇನ್ನೊಂದು ಅನುದಾನದಿಂದ ಬರುತ್ತದೆ. ಅದನ್ನು ನಮ್ಮ ಪಾಲಿಗೆ ಸೇರಿಸಬಹುದೇ? ಒಂದೇ ಖರ್ಚು ಎರಡು ಕಡೆ ಕಂಡರೆ ಲೆಕ್ಕಪರಿಶೋಧನೆಯಲ್ಲಿ ಹೊಡೆದುಹಾಕುತ್ತಾರೆ.

ಇನ್ನೊಂದು, ಫಲಿತಾಂಶದ ಅಳತೆ. ಹಾಜರಿ ಎಣಿಸಿದರೆ ಸಾಲದು. ‘ಕಳೆದ ವಾರ ಮನೆಯಲ್ಲಿ ಎಷ್ಟು ದಿನ ಮಗುವಿಗೆ ಓದಿ ಹೇಳಿದಿರಿ?’ ಎಂದು 1, 12, 24ನೇ ವಾರ ಕೇಳುವ ಯೋಚನೆ. ಮಧ್ಯೆ ಬಿಟ್ಟುಹೋದವರನ್ನು ಕೈಬಿಟ್ಟರೆ ಉತ್ಸಾಹಿಗಳಷ್ಟೇ ಉಳಿದು ಅಂಕಿ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಅವರಿಗೂ ಫೋನ್ ಮಾಡುತ್ತೇವೆ. 20ರಲ್ಲಿ ಒಂದು ಕುಟುಂಬ ಎಂದರೇ 5%. ಶೇಕಡಾವಾರು ಬಿಟ್ಟು ಬರೀ ಸಂಖ್ಯೆ ಕೊಟ್ಟರೆ ಪರಿಶೀಲಕರು ಒಪ್ಪುತ್ತಾರಾ?

ತಿಂಡಿ ಮತ್ತು ಪುಟ್ಟ ತಮ್ಮ-ತಂಗಿಯರನ್ನು ನೋಡಿಕೊಳ್ಳುವವರ ಖರ್ಚು ಕತ್ತರಿಸಿ ಎಂದು ಮಾತ್ರ ಹೇಳಬೇಡಿ. ಅದು ಹೋದರೆ ಹಾಜರಿಯೂ ಹೋಗುತ್ತದೆ. ಮಂಜೂರಾದ ಅರ್ಜಿಯ ಬಜೆಟ್ ವಿವರಣೆ ಯಾರ ಬಳಿಯಾದರೂ ಇದ್ದರೆ, ಹೆಸರುಗಳನ್ನು ಅಳಿಸಿ ಇಲ್ಲಿ ಹಾಕಿ.