ಪುಟ್ಟ ಊರಿನ ಕ್ರಿಸ್‌ಮಸ್ ಪ್ರೇಮಕಥೆ: ಊರು ವಿರೋಧಿಸದಿದ್ದರೆ ಕಥೆ ಸುಳ್ಳಾಗುತ್ತದೆಯೇ?

ಪ್ರಶ್ನೆ

ಕ್ರಿಸ್‌ಮಸ್ ರಜೆಗೆಂದು ಮಹಾನಗರದಿಂದ ಹುಟ್ಟೂರಿಗೆ ಮರಳಿದ ಒಬ್ಬ, ಊರಿನಲ್ಲೇ ಉಳಿದು ಮನೆತನದ ಬೇಕರಿಯನ್ನೋ ವಸತಿಗೃಹವನ್ನೋ ನಡೆಸುತ್ತಿರುವ ಇನ್ನೊಬ್ಬ, ಹೊಸ ವರ್ಷ ಬರುವುದರೊಳಗೆ ಅವರ ನಡುವೆ ಬೆಳೆಯುವ ಪ್ರೀತಿ. ರಜಾಕಾಲದ ರೊಮಾನ್ಸ್ ಕಾದಂಬರಿಗಳ ಈ ಚೌಕಟ್ಟು ಓದುಗರಿಗೆ ಚಿರಪರಿಚಿತ. ಈಗ ಇದೇ ಚೌಕಟ್ಟಿನಲ್ಲಿ ಇಬ್ಬರು ಗಂಡಸರ ಅಥವಾ ಇಬ್ಬರು ಹೆಂಗಸರ ಪ್ರೇಮವನ್ನು ಹೇಳುವ ಕಾದಂಬರಿಗಳು ಇಂಗ್ಲಿಷಿನಲ್ಲಿ ಸಾಕಷ್ಟು ಬರುತ್ತಿವೆ. ಅವುಗಳಲ್ಲಿ ಅನೇಕ ಕಡೆ ಊರಿನವರಾರೂ ಹುಬ್ಬು ಗಂಟಿಕ್ಕುವುದಿಲ್ಲ. ಪಾದ್ರಿಯಿಂದ ಹಿಡಿದು ಅಂಚೆಯವನವರೆಗೆ ಎಲ್ಲರೂ ಆ ಜೋಡಿಯನ್ನು ಒಂದುಗೂಡಿಸಲು ಟೊಂಕಕಟ್ಟಿ ನಿಲ್ಲುತ್ತಾರೆ. ಓದುವಾಗ ಹಿತವೆನಿಸುತ್ತದೆ, ಆದರೆ ಕ್ವಿಯರ್ ಜನರಲ್ಲಿ, ಅಂದರೆ ಸಲಿಂಗಪ್ರೇಮಿಗಳು ಮೊದಲಾದ ಲೈಂಗಿಕ ಅಲ್ಪಸಂಖ್ಯಾತರಲ್ಲಿ, ಎಷ್ಟೋ ಮಂದಿ ಊರು ಬಿಟ್ಟದ್ದೇ ಎಲ್ಲರ ಕಣ್ಣೂ ತಮ್ಮ ಮೇಲಿದ್ದ ಇಂಥ ಪುಟ್ಟ ಊರುಗಳಿಂದ. ಆ ನೋವನ್ನು ಪೂರ್ತಿ ಅಳಿಸಿದ ಕಥೆ ಪ್ರಾಮಾಣಿಕವೇ? ಅಂಥದೊಂದು ಕಾದಂಬರಿಯನ್ನು ನಾನೇ ಬರೆಯುತ್ತಿರುವುದರಿಂದ ಅನುಭವಿ ಓದುಗರ ಅಭಿಪ್ರಾಯ ಬೇಕಾಗಿದೆ.

ಮೊದಲ ಉತ್ತರ

ಸುಖಾಂತ್ಯವನ್ನು ಸುಳ್ಳೆಂದು ತಳ್ಳಿಹಾಕುವ ಮುನ್ನ, ಅದಕ್ಕಾಗಿ ಹಿಂದಿನ ಲೇಖಕರು ತೆತ್ತ ಬೆಲೆಯನ್ನು ನೆನೆಯಬೇಕು. ಇಂಗ್ಲೆಂಡಿನ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ಗಂಡಸರಿಬ್ಬರ ಪ್ರೇಮವನ್ನು ಹೇಳುವ ತಮ್ಮ 'ಮಾರಿಸ್' ಕಾದಂಬರಿಯನ್ನು 1913-14ರಲ್ಲೇ ಬರೆದಿದ್ದರೂ ಅದು ಅಚ್ಚಾದದ್ದು ಅವರು ತೀರಿಕೊಂಡ ಮರುವರ್ಷ, 1971ರಲ್ಲಿ. ಪ್ರೇಮಿಗಳಿಬ್ಬರೂ ಕೊನೆಗೆ ಒಟ್ಟಿಗೆ ಉಳಿಯಲೇಬೇಕೆಂದು ಅವರು ಹಟ ಹಿಡಿದಿದ್ದರು. ಕಥೆ ನೇಣಿನಲ್ಲಿ ಮುಗಿದಿದ್ದರೆ ಪ್ರಕಟಣೆ ಸುಲಭವಾಗುತ್ತಿತ್ತೆಂಬುದನ್ನೂ ಅವರೇ ಬರೆದಿಟ್ಟಿದ್ದಾರೆ. ಅಮೆರಿಕದಲ್ಲಿ ಐವತ್ತರ ದಶಕದ ಅಗ್ಗದ ಕಾದಂಬರಿಗಳ ಪ್ರಕಾಶಕರು, ಅಂಚೆಯಲ್ಲಿ ಹೋಗುವ ಪುಸ್ತಕ ಜಫ್ತಿಯಾದೀತೆಂಬ ಭಯದಿಂದ, ಹೆಣ್ಣನ್ನು ಪ್ರೀತಿಸಿದ ಹೆಣ್ಣಿನ ಕಥೆ ದುರಂತವಾಗಲೇಬೇಕೆಂದು ಒತ್ತಾಯಿಸಿದ್ದುಂಟು. ಪ್ಯಾಟ್ರಿಶಿಯಾ ಹೈಸ್ಮಿತ್ 1952ರಲ್ಲಿ ಬೇರೊಂದು ಹೆಸರಿನಲ್ಲಿ ಪ್ರಕಟಿಸಿದ 'ದಿ ಪ್ರೈಸ್ ಆಫ್ ಸಾಲ್ಟ್' ಆ ಕಟ್ಟಳೆಯನ್ನು ಮುರಿಯಿತು. ಆ ಕಥೆ ಆರಂಭವಾಗುವುದೂ ಕ್ರಿಸ್‌ಮಸ್ ಖರೀದಿಯ ದಿನಗಳಲ್ಲಿ, ಅಂಗಡಿಯೊಂದರ ಆಟಿಕೆಗಳ ವಿಭಾಗದಲ್ಲಿ ಎಂಬುದು ನಿಮಗೆ ಕುತೂಹಲ ಹುಟ್ಟಿಸಬಹುದು.

ಹೀಗಾಗಿ ಯಾರೂ ಸಾಯದ, ಯಾರೂ ಮನೆಯಿಂದ ಹೊರದೂಡಲ್ಪಡದ ಹಬ್ಬದ ಕಥೆಯನ್ನು ನಾನು ಪಲಾಯನವೆಂದು ಭಾವಿಸುವುದಿಲ್ಲ. ದುಃಖಾಂತವೇ ವಾಸ್ತವವೆಂಬ ನಂಬಿಕೆಯನ್ನು ನಮ್ಮಲ್ಲಿ ಬೆಳೆಸಿದ್ದರಲ್ಲಿ ಆ ಕಾಲದ ಸೆನ್ಸಾರಿನ ಪಾಲೂ ಇದೆ.

ಎರಡನೆಯ ಉತ್ತರ

ಮೇಲಿನ ಮಾತನ್ನು ಗೌರವಿಸುತ್ತೇನೆ, ಆದರೆ ಕೇಳಿದ ಪ್ರಶ್ನೆ ಅಂತ್ಯದ ಬಗ್ಗೆ ಅಲ್ಲ, ಊರಿನ ಬಗ್ಗೆ. ರೊಮಾನ್ಸಿನಲ್ಲಿ ಸುಖಾಂತ್ಯ ಓದುಗರಿಗೆ ಮೊದಲೇ ಕೊಟ್ಟ ಮಾತು. ನನ್ನನ್ನು ಕಾಡುವುದು ಚರಿತ್ರೆಯೇ ಇಲ್ಲದ ಊರು. ಈಗ ನಲವತ್ತು ದಾಟಿದ ನಾಯಕ ಹದಿನೇಳರ ವಯಸ್ಸಿನಲ್ಲಿ ಏಕೆ ಊರು ಬಿಟ್ಟ, ಅಂದು ಸುಮ್ಮನಿದ್ದವರು ಇಂದು ಏಕೆ ನಗುತ್ತಾ ಸ್ವಾಗತಿಸುತ್ತಿದ್ದಾರೆ ಎಂಬುದಕ್ಕೆ ಉತ್ತರವಿಲ್ಲದಿದ್ದರೆ, ಊರು ದೀಪಾಲಂಕಾರದ ಪರದೆಯಾಗಿ ಮಾತ್ರ ಉಳಿಯುತ್ತದೆ.

ಇದಕ್ಕೆ ಬೈಗುಳ, ಹೊಡೆದಾಟಗಳ ಅಧ್ಯಾಯ ಬೇಕಾಗಿಲ್ಲ. ಮೂವತ್ತು ವರ್ಷಗಳಿಂದ ಒಂದೇ ಮನೆಯಲ್ಲಿದ್ದು ಊರಿನವರ ಬಾಯಲ್ಲಿ 'ಗೆಳತಿಯರು' ಎಂದಷ್ಟೇ ಕರೆಸಿಕೊಂಡ ಇಬ್ಬರು ವೃದ್ಧೆಯರನ್ನು ಕಥೆಯೊಳಗೆ ತನ್ನಿ. ಈ ಊರು ಬದಲಾಗಲು ಯಾರು ಎಷ್ಟು ಸಹಿಸಿದರೆಂಬುದು ಅವರ ಒಂದು ಸಂಭಾಷಣೆಯಿಂದಲೇ ತಿಳಿಯುತ್ತದೆ. ಅಮೆರಿಕದ ಸುಪ್ರೀಂ ಕೋರ್ಟು ಸಲಿಂಗ ವಿವಾಹದ ಹಕ್ಕನ್ನು ದೇಶದಾದ್ಯಂತ ಎತ್ತಿಹಿಡಿದದ್ದು 2015ರ ಜೂನ್‌ನಲ್ಲಿ. ನಿಮ್ಮ ಕಥೆ ಅಲ್ಲಿ ನಡೆಯುವುದಾದರೆ, ಆ ವೃದ್ಧೆಯರು ಅದಾದ ಮೇಲೆ ಮದುವೆಯಾದರೋ ಇಲ್ಲವೋ, ಆಗಿದ್ದರೆ ಯಾರು ಬಂದಿದ್ದರು ಎಂಬುದನ್ನು ನೀವಾದರೂ ತಿಳಿದಿರಬೇಕು, ಪುಟದ ಮೇಲೆ ಬರೆಯದಿದ್ದರೂ ಸರಿ.

ಮೂರನೆಯ ಉತ್ತರ

ಎರಡನೆಯ ಉತ್ತರವನ್ನು ಒಪ್ಪಿ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ವಿರೋಧವನ್ನು ಊರಿನಿಂದ ತೆಗೆದ ಲೇಖಕರು ಅದನ್ನು ಹೆಚ್ಚಾಗಿ ನಾಯಕರ ನಡುವೆ ತಂದಿಡುತ್ತಾರೆ: ಒಬ್ಬ ತನ್ನ ಸಂಗಾತಿಯನ್ನು ಹಬ್ಬದ ಊಟದ ಮೇಜಿನಲ್ಲಿ 'ಸ್ನೇಹಿತ' ಎಂದು ಪರಿಚಯಿಸುತ್ತಾನೆ, ಇಡೀ ವಾರ ಬೇರೆ ಕೋಣೆಯಲ್ಲಿ ಮಲಗಿಸುತ್ತಾನೆ, ಕೊನೆಯ ಅಧ್ಯಾಯದಲ್ಲಿ ಎಲ್ಲರೆದುರು ಒಂದು ಭಾಷಣ ಮಾಡಿ ಕ್ಷಮೆ ಪಡೆದುಬಿಡುತ್ತಾನೆ. ಬಚ್ಚಿಡಲ್ಪಟ್ಟವನ ಅವಮಾನ ಅಷ್ಟು ಬೇಗ ಇಳಿಯುವಂಥದ್ದಲ್ಲ. ಈ ಎಳೆಯನ್ನು ಆಯ್ದುಕೊಂಡರೆ, ಅವನಿಗೆ ಕೋಪಿಸಿಕೊಳ್ಳಲು, ಮುಂದಿನ ಬಸ್ಸು ಹಿಡಿದು ಹೊರಟುಹೋಗಲು ಪುಟಗಳನ್ನು ಕೊಡಿ. ಕ್ಷಮಿಸುವ ನಿರ್ಧಾರವೂ ಅವನದೇ ಆಗಿರಲಿ, ಹಬ್ಬದ ಒತ್ತಡದಿಂದ ಬಂದದ್ದಾಗದಿರಲಿ.

ಮತ್ತೊಂದು ವಿಷಯ. ಇಂಥ ಕಥೆಗಳಲ್ಲಿ ನಗರದವನೇ ಉದ್ಯೋಗ ಬಿಟ್ಟು ಊರಿಗೆ ಬಂದು ನೆಲೆಸುವುದು ರೂಢಿ. ನಗರದಲ್ಲಿ ತನ್ನವರೆನ್ನುವ ಬಳಗವನ್ನು ಕಷ್ಟಪಟ್ಟು ಕಟ್ಟಿಕೊಂಡ ಕ್ವಿಯರ್ ವ್ಯಕ್ತಿಗೆ ಅದು ಬರಿಯ ಉದ್ಯೋಗದ ತ್ಯಾಗವಲ್ಲ, ಕುಟುಂಬವನ್ನೇ ಬಿಟ್ಟು ಬಂದಂತೆ. ಆ ಬಳಗದ ಒಬ್ಬಿಬ್ಬರಾದರೂ ಹಬ್ಬಕ್ಕೆ ಊರಿಗೆ ಬರಲಿ, ಅಲ್ಲಿನವರನ್ನು ತಮ್ಮ ಕಣ್ಣಿನಿಂದ ಅಳೆಯಲಿ. ಊರಿನ ಸ್ವಾಗತ ಎಷ್ಟು ನಿಜವೆಂಬುದು ಅವರ ಮುಂದೆ ಗೊತ್ತಾಗುತ್ತದೆ.