ಅಪ್‌ಡೇಟ್: ಗೂಡುಪೆಟ್ಟಿಗೆಯ ಕ್ಯಾಮೆರಾ ಈಗ ರಾತ್ರಿಯೂ ಓಡುತ್ತಿದೆ

ಗುಬ್ಬಚ್ಚಿ ಪೆಟ್ಟಿಗೆಯೊಳಗಿನ ವೈಫೈ ಕ್ಯಾಮೆರಾ ಕತ್ತಲಾದ ಕೂಡಲೇ ಏಕೆ ಆಫ್ ಆಗುತ್ತದೆ ಎಂದು ಇಲ್ಲಿ ಪ್ರಶ್ನೆ ಹಾಕಿದ್ದೆ, ನೆನಪಿದೆಯಾ? ರೂಟರನ್ನು ಪೆಟ್ಟಿಗೆಯ ಹತ್ತಿರಕ್ಕೆ ತಂದಿಟ್ಟೆ, ವೈಫೈಯನ್ನು ಹೆಚ್ಚು ದೂರ ತಲುಪುವ 2.4 ಗಿಗಾಹರ್ಟ್ಸ್‌ಗೆ ಬದಲಿಸಿದೆ. ಎರಡೂ ಉಪಯೋಗಕ್ಕೆ ಬರಲಿಲ್ಲ. ಸುಮ್ನೆ ಸಿಗ್ನಲ್‌ ಅನ್ನು ಬೈದಿದ್ದೇ ಬಂತು!

'ವೈರ್ ನೋಡಿ' ಎಂದು ಉತ್ತರಿಸಿದವರೇ ಸರಿ. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪ (ಕತ್ತಲಲ್ಲಿ ನೋಡಲು, ಕಣ್ಣಿಗೆ ಕಾಣದ ಬೆಳಕು) ಹೊತ್ತಿದರೆ ಕರೆಂಟ್ ಜಾಸ್ತಿ ಬೇಕು. ನನ್ನದು ಉದ್ದನೆಯ ತೆಳು ವೈರ್, 5 ವೋಲ್ಟ್ ದಾರಿಯಲ್ಲೇ ಇಳಿದುಹೋಗುತ್ತಿತ್ತು. ಈಗ 12 ವೋಲ್ಟ್ ಕಳಿಸಿ, ಪೆಟ್ಟಿಗೆಯ ಪಕ್ಕದಲ್ಲೇ ಕನ್ವರ್ಟರ್ ಹಾಕಿ 5ಕ್ಕೆ ಇಳಿಸುತ್ತಿದ್ದೇನೆ. ತಾಯಿ ಹಕ್ಕಿ ಹೊರಗೆ ಹೋದಾಗ ಹೊರಗಿನಿಂದಲೇ ಕೆಲಸ ಮುಗಿಸಿದೆ. ಪೆಟ್ಟಿಗೆ ತೆರೆಯಲೇ ಇಲ್ಲ.

ಆಶ್ಚರ್ಯ ಏನು ಗೊತ್ತಾ? ಹಗಲಲ್ಲಿ ಗಂಡು ಗುಬ್ಬಿಯೂ ಮೊಟ್ಟೆಗಳ ಮೇಲೆ ಕೂರುತ್ತದೆ! ರಾತ್ರಿ ಪಾಳಿ ಮಾತ್ರ ಹೆಣ್ಣಿನದೇ. ಮೊಟ್ಟೆ ನಾಲ್ಕಿವೆ.